ಮೂರು ಕುರ್ಚಿಗೆ ಒಬ್ಬಳು

ಊರಿನ ಅಂಗಡಿಗಳ ತಕ್ಕಡಿ, ಬಟ್ಟು ಸರಿಯಾಗಿವೆಯೇ ಎಂದು ನೋಡುವುದು ಆ ಸರ್ಕಾರಿ ಕಚೇರಿಯ ಕೆಲಸ. ಅಲ್ಲಿ ಇಬ್ಬರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಆ ಹುದ್ದೆಗಳು ಖಾಲಿ ಎಂದು ಮೇಲಕ್ಕೆ ಬರೆಯಲೂ ಮ್ಯಾನೇಜರನಿಗೆ ಸೋಮಾರಿತನ. ಉಳಿದವರು ಬೆಳಿಗ್ಗೆ ಮುಖ ತೋರಿಸಿ ಸ್ವಂತ ವ್ಯವಹಾರಕ್ಕೆ ಹೊರಟುಬಿಡುವ ಮಹಾನುಭಾವರು. ಕತ್ತೆಯಂತೆ ದುಡಿಯಲು ಟೈಪಿಸ್ಟ್ ಒಬ್ಬಳಿದ್ದಳಲ್ಲ.

ಅವಳ ಗಂಡ, ಮಗಳು ಬೇರೆ ಊರಿನಲ್ಲಿದ್ದರು. ಮಗಳು ಈಗೀಗ ಸೋದರತ್ತೆಯನ್ನೇ ಅಮ್ಮ ಎನ್ನತೊಡಗಿದ್ದಳು. ಅದನ್ನು ಕೇಳಿದಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ವರ್ಗಾವಣೆ ಕೇಳಿದಾಗಲೆಲ್ಲ ಮ್ಯಾನೇಜರ್ ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದ.

ಮೇಲಿನ ಕಚೇರಿಯ ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಅವನೇ ಅವಳ ಮೇಜಿನ ಬಳಿ ಬಂದ. ಉಳಿದವರನ್ನು ಹೇಗೋ ಎಳೆತಂದು ಕೂರಿಸಿದ್ದ. ಆದರೆ ನಿವೃತ್ತರ ಆ ಎರಡು ಖಾಲಿ ಕುರ್ಚಿಗಳು ಸಾಹೇಬರ ಕಣ್ಣಿಗೆ ಬಿದ್ದರೆ ಅವನ ಬಡ್ತಿಗೆ ಕಲ್ಲು ಬೀಳುತ್ತಿತ್ತು.

“ಸಾಹೇಬ್ರು ಮುಖ ನೋಡಲ್ಲ ಕಣಮ್ಮ, ಕುರ್ಚಿ ನೋಡ್ತಾರೆ. ನಿನ್ನ ರೂಮು ಮುಗಿದ ಮೇಲೆ ಮುಂದಿನ ಎರಡು ರೂಮಿನ ಖಾಲಿ ಕುರ್ಚಿಗಳಲ್ಲೂ ನೀನೇ ಕೂತ್ಕೊ. ಹಿಂದಿನ ಬಾಗಿಲಿಂದ ಬಾ, ಅಲ್ಲಿವರೆಗೂ ನಾನು ಅವರಿಗೆ ಟೀ ಕುಡಿಸ್ತಾ ಇರ್ತೀನಿ. ಇದೊಂದು ದಾಟಲಿ, ನಿನ್ನ ಅರ್ಜಿಗೆ ಸಹಿ ಗ್ಯಾರಂಟಿ.”

ಅವಳು ಕೂತಳು. ಮೊದಲ ಕೋಣೆಯಲ್ಲಿ ಕನ್ನಡಕ ಹಾಕಿ, ಎರಡನೆಯದರಲ್ಲಿ ತೆಗೆದು, ಮೂರನೆಯದರಲ್ಲಿ ಶಾಲು ಹೊದ್ದು. ಸಾಹೇಬನೆಂಬ ಆ ದಡ್ಡಶಿಖಾಮಣಿ ಬಿಸ್ಕತ್ತು ಅಗಿಯುತ್ತ ಮೂರನೆಯ ಕೋಣೆಗೆ ಬಂದು, ಏದುಸಿರು ಬಿಡುತ್ತಿದ್ದ ಅವಳನ್ನು ಕೇಳಿದ:

“ಇಲ್ಲಿಗೆ ಬಂದು ಎಷ್ಟು ದಿನ ಆಯ್ತಮ್ಮ?”

ಗಾಬರಿಯಲ್ಲಿ ನಿಜವೇ ಬಾಯಿಗೆ ಬಂತು. “ಈಗ ತಾನೇ ಬಂದೆ ಸರ್.”

“ಹೊಸಬರು ಹೀಗೇ ಚುರುಕಾಗಿರಬೇಕು,” ಎಂದು ಅವನು ಮೆಚ್ಚಿಕೊಂಡ. ಎಲ್ಲ ಹುದ್ದೆ ಭರ್ತಿ, ಹಾಜರಾತಿ ಉತ್ತಮ ಎಂದು ವರದಿ ಬರೆದು ಕಾರು ಹತ್ತಿದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವಳು ಅರ್ಜಿ ಹಿಡಿದು ಹೋದಾಗ ಮ್ಯಾನೇಜರ್ ನಿಜವಾಗಿ ನೊಂದವನಂತೆ ತಲೆಯಾಡಿಸಿದ.

“ಈಗ ಹೇಗಮ್ಮ ಬಿಡೋದು? ನೀನು ಹೋದ್ರೆ ಒಂದೇ ಸಲಕ್ಕೆ ಮೂರು ಜನ ಹೋದ ಹಾಗೆ. ಅಷ್ಟು ಜನಕ್ಕೆ ಬದಲಿ ಎಲ್ಲಿಂದ ತರಲಿ?”

“ನಾನು ಒಬ್ಬಳೇ ಅಂತ ನಿಮಗೇ ಗೊತ್ತಲ್ಲ ಸರ್.”

“ನನಗೆ ಗೊತ್ತು. ವರದಿಗೆ ಗೊತ್ತಿಲ್ವಲ್ಲ.”

ಅವನು ನೀರಿಗಾಗಿ ಗಂಟೆ ಒತ್ತಿದ. ಜವಾನ ಆಗಲೇ ಮನೆ ಸೇರಿಯಾಗಿತ್ತು.

“ಹೋಗ್ತಾ ಒಂದು ಲೋಟ ನೀರು ಕೊಟ್ಟು ಹೋಗಮ್ಮ.”

ಅವನ ಮುಖಕ್ಕೆ ಎರಚಬೇಕೆಂದೇ ಅವಳು ಲೋಟ ತುಂಬಿದಳು. ಆದರೆ ಚೆಲ್ಲದಂತೆ ಮೇಜಿನ ಮೇಲಿಟ್ಟು ಬಂದಳು. ಅವನಿಗಿಂತ ತನ್ನ ಮೇಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.