ರಾಗಿ ಬಿಯರಿಗೊಂದು ನಾಲಿಗೆ

ಚಿಕ್ಕಮಾರಯ್ಯ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಗಿನ ಬಳಿಗೆ ತಂದ, ಒಂದು ಗುಟುಕು ಕುಡಿದ. ಕುಡಿದವನೇ ಮುಖ ಕಿವುಚಿ ಲೋಟವನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟ.

"ಕಹಿ ಸ್ವಾಮಿ," ಎಂದ. "ಬೇವಿನ ಕಡ್ಡಿ ಅಗ್ದಂಗೈತೆ."

ವೀರಭದ್ರಯ್ಯನಿಗೆ ಆಶ್ಚರ್ಯವಾಯಿತು. ಬಿಯರಿಗೆ ಕಹಿ ಬರಲೆಂದು ಹಾಕುವ ಹಾಪ್ಸ್ ಹೂವನ್ನು ಅವನು ಈ ಸಲ ಅರ್ಧಕ್ಕೆ ಇಳಿಸಿದ್ದ. ಹೋದ ಸಲವೂ ಇಳಿಸಿದ್ದ. ಇನ್ನೂ ಕಮ್ಮಿ ಮಾಡಬೇಕೇ ಎಂದು ಕೇಳಿದ. ಮಾಡಿಬಿಡಿ ಎಂದು ಚಿಕ್ಕಮಾರಯ್ಯ ಅಂಗೈಯಿಂದ ಬಾಯಿ ಒರೆಸಿಕೊಂಡ. ಅವನು ಹೇಳಿದ ಮೇಲೆ ಮುಗಿಯಿತು. ಆ ಕಾರ್ಖಾನೆಯಲ್ಲಿ ರುಚಿಯ ವಿಷಯಕ್ಕೆ ಅವನ ಮೇಲೆ ಇನ್ನೊಂದು ಮಾತಿರಲಿಲ್ಲ.

ಕಾರ್ಖಾನೆ ಇದ್ದದ್ದು ತುಮಕೂರಿನ ಅಂತರಸನಹಳ್ಳಿಯ ಷೆಡ್ಡುಗಳ ಕೊನೆಯ ಸಾಲಿನಲ್ಲಿ. ಮಾಲೀಕ ಶಿವರಾಮಯ್ಯ ಮೊದಲು ಗುಬ್ಬಿಯಲ್ಲಿ ಗೋಲಿಸೋಡ ಮಾಡಿಸುತ್ತಿದ್ದವನು. ಹೇಗೋ ಓಡಾಡಿ ಲೈಸೆನ್ಸು ತಂದು ಬಿಯರಿಗೆ ಇಳಿದಿದ್ದ. ಬೆಂಗಳೂರಿನ ದೊಡ್ಡ ಕಂಪನಿಗಳ ಎದುರು ಅವರದೇ ಥರದ ಬಿಯರು ಮಾಡಿ ಬದುಕುವುದು ಆಗದ ಮಾತು ಎಂದು ಬೇಗ ಗೊತ್ತಾಯಿತು. ಯಾರೂ ಮಾಡದ್ದನ್ನು ಮಾಡೋಣ ಎಂದು ಹೊರಟ. ಒಂದು ವರ್ಷ ಹುಣಸೆಯ ಬಿಯರು ಬಂತು. ತುಮಕೂರಿನ ಮಂಡಿ ಹಮಾಲರು ಅದನ್ನು ಇಷ್ಟಪಟ್ಟರು, ಉಳಿದವರು ಸಾರಿನ ತಿಳಿ ಎಂದು ನಕ್ಕರು. ಮರುವರ್ಷ ಹಲಸಿನದು ಬಂತು. ಅದರ ಬಾಟಲಿಗಳು ಬಾರುಗಳ ಕಪಾಟಿನಲ್ಲೇ ಸಿಡಿದವು. ಈಗ ಎಂಬತ್ತೆರಡನೇ ಇಸವಿಯಲ್ಲಿ ರಾಗಿ. ರಾಗಿಯನ್ನು ನೆನೆಸಿ, ಗೋಣಿತಾಟಿನಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಮಾಡಿದ ಬಿಯರು. ಶ್ರಾವಣ ಹುಟ್ಟುವ ಮುಂಚೆ ಅದು ಅಂಗಡಿ ಸೇರಬೇಕಿತ್ತು. ಶ್ರಾವಣ ಹುಟ್ಟಿತೆಂದರೆ ಊರಿನ ಅರ್ಧ ಗಿರಾಕಿಗಳು ತಿಂಗಳಿಡೀ ಬಾಟಲಿ ಮುಟ್ಟುವುದಿಲ್ಲ.

ಇದನ್ನೆಲ್ಲ ಮಾಡುತ್ತಿದ್ದವನು ವೀರಭದ್ರಯ್ಯ. ಮಾಡಿದ ಯಾವುದನ್ನೂ ಅವನು ಬಾಯಿಗೆ ಹಾಕಿಕೊಂಡವನಲ್ಲ.

ಅವನ ತಂದೆ ಗುಬ್ಬಿಯಲ್ಲಿ ಪುರಾಣ ಓದುತ್ತಿದ್ದರು. ಸಂಜೆ ಊಟವಾದ ಮೇಲೆ ಜಗಲಿಯಲ್ಲಿ ಜನ ಸೇರುವರು. ತಂದೆ ಷಟ್ಪದಿಗಳನ್ನು ರಾಗವಾಗಿ ಓದುವರು, ಮಗ ಕಂಬಕ್ಕೆ ಒರಗಿ ಕೇಳುವನು. ಮಾತು ಕಮ್ಮಿಯ ಹುಡುಗ, ಕೇಳಿ ಕೇಳಿಯೇ ದೊಡ್ಡವನಾದ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಬಿಯರು ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಶಿವರಾಮಯ್ಯ ಕರೆದನೆಂದು ಹೊರಟು ನಿಂತಾಗ ತಂದೆ ಬೇಡವೆನ್ನಲಿಲ್ಲ. "ಹೊಟ್ಟೆಪಾಡು, ಮಾಡ್ಕೊ. ಬಾಯಿಗೆ ಮಾತ್ರ ತರಬೇಡ," ಎಂದರು. ಎದೆಯ ಮೇಲಿನ ಲಿಂಗವನ್ನು ಮುಟ್ಟಿ ವೀರಭದ್ರಯ್ಯ ಹೂಂ ಎಂದ. ಆಮೇಲೆ ತಂದೆ ತೀರಿಹೋದರು. ಮಾತು ಹಾಗೇ ಉಳಿಯಿತು.

ಶಾಖಕ್ಕೆ ಥರ್ಮಾಮೀಟರು ಇತ್ತು, ಸಾಂದ್ರತೆಗೆ ತೇಲಿಬಿಟ್ಟು ನೋಡುವ ಗಾಜಿನ ಬುರುಡೆಯಿತ್ತು, ವಾಸನೆಗೆ ಅವನ ಮೂಗೇ ಇತ್ತು. ರುಚಿಗೆ ಚಿಕ್ಕಮಾರಯ್ಯ ಇದ್ದ. ಊರ್ಡಿಗೆರೆಯಿಂದ ತೊಟ್ಟಿ ತೊಳೆಯಲು ಬಂದವನು, ಕುಡಿದದ್ದನ್ನು ಮಾತಿನಲ್ಲಿ ಹೇಳಬಲ್ಲ ಎಂಬುದು ಒಂದು ದಿನ ತಾನಾಗಿ ಗೊತ್ತಾಗಿತ್ತು. ಹುಳಿಯೆಂದರೆ ಯಾವ ಹುಳಿ, ಎಳೇ ಮಾವಿನದೋ ಹಳೇ ಮಜ್ಜಿಗೆಯದೋ. ವಾಸನೆಯೆಂದರೆ ಸುಟ್ಟ ಜೋಳದ್ದೋ ಒದ್ದೆ ಹುಲ್ಲಿನದೋ. ಇಬ್ಬರಿಗೂ ಗೊತ್ತಿದ್ದ ಅಡುಗೆಮನೆಯ ಮಾತುಗಳಲ್ಲೇ ವೀರಭದ್ರಯ್ಯ ಬಿಯರನ್ನು ತಿದ್ದುವುದು ಕಲಿತ. ಉಗುಳಿದರೆ ನಡೆಯುತ್ತಿರಲಿಲ್ಲ. ಬಿಯರಿನ ಕಹಿ ಗೊತ್ತಾಗುವುದು ನುಂಗಿದ ಮೇಲೆಯೇ. ದಿನಕ್ಕೆ ಹಲವು ತೊಟ್ಟಿಗಳು, ಹಲವು ಲೋಟಗಳು.

ರಾಗಿಯ ಕೆಲಸ ನಡೆದಿರುವಾಗಲೇ, ಅದಕ್ಕೆ ಮೊದಲು ತುಂಬಿ ಕಳಿಸಿದ್ದ ಬಾರ್ಲಿ ಬಿಯರಿನ ಬಾಟಲಿಗಳು ಕುಣಿಗಲ್ಲಿನಿಂದ ವಾಪಸು ಬಂದವು. ಸಾರವಿಲ್ಲ, ಸಪ್ಪೆ ಎಂದು ದೂರು. ಶಿವರಾಮಯ್ಯ ಲಾರಿಯ ಪಕ್ಕ ನಿಂತು ಕ್ರೇಟುಗಳನ್ನು ಇಳಿಸಿಕೊಳ್ಳುತ್ತಿದ್ದ.

"ಕುಣಿಗಲ್ ಕುದುರೆ ಫಾರಂನೋರು ಏನ್ ಕೇಳಿದ್ರಂತೆ ಗೊತ್ತೇನ್ರಿ? ಇದು ನಮಗೆ ಕಳ್ಸಿದ್ದೋ ಕುದುರೆಗೆ ಕಳ್ಸಿದ್ದೋ ಅಂತ."

ವೀರಭದ್ರಯ್ಯ ಒಂದು ಬಾಟಲಿ ತೆಗೆದು ಮೂಸಿ ನೋಡಿದ. ಕೆಟ್ಟಿರಲಿಲ್ಲ. ಇದನ್ನು ಕಹಿಯೆಂದಿದ್ದ ಚಿಕ್ಕಮಾರಯ್ಯನನ್ನು ಕೇಳೋಣವೆಂದರೆ ಅವನು ಎರಡು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ.

ಮಾರನೆಯ ದಿನ ಬಂದದ್ದು ಅವನ ಹೆಂಡತಿ ನಿಂಗಮ್ಮ. ಗೇಟಿನ ಒಳಗೆ ಬಾ ಎಂದರೂ ಬರಲಿಲ್ಲ. ವೀರಭದ್ರಯ್ಯನೇ ಹೊರಗೆ ಹೋದ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅವನ ಮುಖ ನೋಡದೆ, ದಾರಿಯಲ್ಲಿ ಬರುವಾಗ ಜೋಡಿಸಿಕೊಂಡ ಮಾತುಗಳನ್ನು ಒಂದೊಂದಾಗಿ ಹೇಳುವವಳಂತೆ ಹೇಳಿದಳು. ಗಂಡನಿಗೆ ಕಾಮಾಲೆ. ಕಣ್ಣು ಅರಿಶಿನವಾಗಿದೆ, ಕಾಲು ಊದಿಕೊಂಡಿದೆ. ಯುಗಾದಿಗೂ ಮುಂಚೆಯೇ ಡಾಕ್ಟರು ಒಂದು ತೊಟ್ಟೂ ಬಾಯಿಗೆ ಬಿಡಬೇಡ ಎಂದಿದ್ದರು. ಕೆಲಸ ಹೋಗುತ್ತದೆಂದು ಅವನು ಯಾರಿಗೂ ಹೇಳಿರಲಿಲ್ಲ.

"ಮನೇಲಿ ಏನಿಕ್ಕಿದ್ರೂ ಕಹಿ ಅಂತಿದ್ದ," ಎಂದಳು. "ಬೆಲ್ಲ ಕೊಟ್ರೂ ಕಹಿ ಅಂತ ಉಗುದ."

ವೀರಭದ್ರಯ್ಯ ಗೇಟಿನ ಕಂಬಿ ಹಿಡಿದುಕೊಂಡ. ತಾನು ಸಲಸಲಕ್ಕೂ ಹಾಪ್ಸ್ ಇಳಿಸಿದ್ದು, ಇಳಿಸಿದಷ್ಟೂ ಅವನು ಮುಖ ಕಿವುಚಿದ್ದು ಕಣ್ಣ ಮುಂದೆ ಬಂತು. ಕಹಿ ತೊಟ್ಟಿಯಲ್ಲಿರಲಿಲ್ಲ. ಆ ಹಳದಿ ಕಣ್ಣುಗಳನ್ನು ಇವನು ದಿನವೂ ನೋಡಿದ್ದ. ನಿದ್ದೆಗೆಟ್ಟವನೆಂದುಕೊಂಡಿದ್ದ.

"ನನಗೊಂದು ಮಾತು ಹೇಳಬಾರದಾಗಿತ್ತೇನಮ್ಮ?"

"ಹೇಳಿದ್ರೆ ನೀವು ಕುಡೀತಿದ್ರಾ?"

ಅವನು ಕಂಬಿ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ಜಗಳಕ್ಕೆ ಬಂದಿಲ್ಲ ಸ್ವಾಮಿ," ಎಂದಳು ನಿಂಗಮ್ಮ. "ನೀವು ಲಿಂಗ ಕಟ್ಟಿದೋರು, ಮಡೀಲಿದೀರಿ, ಇರಿ. ನೀವು ಮಡೀಲಿರಾಕೆ ನನ್ ಗಂಡ ಕುಡೀಬೇಕಾಯ್ತು. ಇನ್ಮೇಕೆ ಅವನ್ನ ಕರೆಸ್ಬೇಡಿ. ನೀವು ಕರುದ್ರೆ ಎದ್ ಬಂದ್ಬುಡ್ತಾನೆ."

ಅಷ್ಟು ಹೇಳಿ ಬಸ್ಸು ನಿಲ್ಲುವ ಕಡೆಗೆ ಹೊರಟುಹೋದಳು.

ಆ ದಿನ ವೀರಭದ್ರಯ್ಯ ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕುಳಿತ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತಾದರೂ ಏಳಲಿಲ್ಲ. ಹೆಂಡತಿ ಸಿದ್ದಗಂಗಮ್ಮ ಬಾಗಿಲಿಗೆ ಬಂದು, ಮೈ ಬಿಸಿಯಾಗಿದೆಯಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ತಂದೆ ಓದುತ್ತಿದ್ದ ಒಂದು ಸಂಧಿ ನೆನಪಾಗುತ್ತಿತ್ತು. ಶಿವನಿಗೆ ಇಡುವ ಮಾಂಸವನ್ನು ಮೊದಲು ತಾನು ಅಗಿದು ನೋಡುವ ಬೇಡನದು. ಅಲ್ಲಿಗೆ ಬಂದಾಗ ತಂದೆ ಓದು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾಕೆಂದು ಇವನು ಯಾವತ್ತೂ ಕೇಳಿರಲಿಲ್ಲ.

ರಾಗಿಯ ತೊಟ್ಟಿ ತುಂಬಲು ಸಿದ್ಧವಾಗಿತ್ತು. ಲೇಬಲ್ಲು ಅಚ್ಚಾಗಿ ಬಂದಿತ್ತು. ಅದರ ಮೇಲೆ ರಾಗಿಯ ತೆನೆಯೊಂದು ಕೈ ಮುಷ್ಟಿಯಂತೆ ಬಾಗಿತ್ತು. ಶಿವರಾಮಯ್ಯ ಅವಸರಪಡಿಸಿದ. ಚಿಕ್ಕಮಾರಯ್ಯನ ಸುದ್ದಿ ಕೇಳಿ ಅಯ್ಯೋ ಪಾಪ ಎಂದು ಅವನಿಗೆ ನಿಜವಾಗಿಯೇ ಅನ್ನಿಸಿತು. ಆದರೆ ಅದಕ್ಕಾಗಿ ತೊಟ್ಟಿ ಕಾಯುವುದಿಲ್ಲವಲ್ಲ. ಲೋಡಿಂಗಿನ ಕಾಳಯ್ಯನನ್ನು ಕರೆಸಿಕೊಳ್ಳಿ, ವಾರವಾರ ಕುಡಿಯುವವನೇ, ಪುಕ್ಕಟೆ ಸಿಕ್ಕರೆ ಬೇಡ ಅನ್ನುತ್ತಾನೆಯೇ ಎಂದ.

ಕಾಳಯ್ಯ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಬಂದ. ಗಟ್ಟಿ ಮೈ, ಬಿಳಿ ಹಲ್ಲು. ಮೂಟೆ ಹೊರುವವನನ್ನು ರುಚಿ ನೋಡಲು ಕರೆದಿದ್ದಾರೆಂದು ಜೊತೆಯವರು ಹಿಂದಿನಿಂದ ಕೂಗಿ ಹಾಸ್ಯ ಮಾಡುತ್ತಿದ್ದರು. ವೀರಭದ್ರಯ್ಯ ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದ. ಕಂದು ಬಣ್ಣ, ಮೇಲೆ ದಟ್ಟ ನೊರೆ. ಕಾಳಯ್ಯ ಕೈ ಚಾಚಿದ. ಲೋಟ ಅವನ ಕೈಗೆ ಬರಲಿಲ್ಲ.

"ನೀನು ಹೋಗು ಕಾಳಯ್ಯ."

"ಯಾಕ್ ಸ್ವಾಮಿ? ನನ್ ನಾಲ್ಗೆಗೇನಾಗೈತೆ?"

"ಏನೂ ಆಗಿಲ್ಲ ಕಣೋ. ಅದಕ್ಕೇ ಹೋಗು ಅಂದಿದ್ದು."

ಕಾಳಯ್ಯ ತೊಟ್ಟಿಯನ್ನೂ ಇವನನ್ನೂ ಒಮ್ಮೆ ನೋಡಿ, ದೊಡ್ಡವರ ತಮಾಷೆ ಇರಬೇಕೆಂದುಕೊಂಡು ಹೊರಟುಹೋದ.

ಊರಿನಲ್ಲಿ ಕುಡಿಯುವ ಭಕ್ತರು ಕೆಲವರಿದ್ದರು. ಅವರು ಬಾರಿಗೆ ಹೊರಡುವ ಮುಂಚೆ ಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಅಂಥವರನ್ನು ಕಂಡರೆ ವೀರಭದ್ರಯ್ಯನಿಗೆ ಆಗುತ್ತಿರಲಿಲ್ಲ. ಈಗ ಅವನ ಕೈ ಅಂಗಿಯ ಗುಂಡಿಯವರೆಗೆ ಹೋಯಿತು. ಅಲ್ಲೇ ತಡೆಯಿತು. ಬಿಚ್ಚಲಿಲ್ಲ. ಹಾಗೇ ಕುಡಿದ.

ಮೊದಲು ತಣ್ಣಗೆ ಮಾತ್ರ ಅನ್ನಿಸಿತು, ಮೂಗಿಗೆ ನೊರೆ ಮುಟ್ಟಿತು. ಇನ್ನೊಂದು ಗುಟುಕು ತೆಗೆದುಕೊಂಡ. ಹುರಿದ ರಾಗಿ ಬಂತು, ಅದರ ಹಿಂದೆ ಒಂದು ಸಿಹಿ. ಸಿಹಿಯ ಹಿಂದೆ ಏನೂ ಇರಲಿಲ್ಲ. ಅದು ನಾಲಿಗೆಯ ಮೇಲೆ ಕುಳಿತೇ ಇತ್ತು, ಎದ್ದು ಹೋಗುವ ಲಕ್ಷಣವಿರಲಿಲ್ಲ. ಇಷ್ಟು ವರ್ಷ ಇನ್ನೊಬ್ಬನ ಬಾಯಿಂದ ಕೇಳಿದ್ದ ಮಾತುಗಳನ್ನೆಲ್ಲ ತಂದು ಇದಕ್ಕೆ ಹೊಂದಿಸಿ ನೋಡಿದ. ಯಾವುದೂ ಕೂರಲಿಲ್ಲ. ಲೋಟ ಖಾಲಿ ಮಾಡಿ, ಆಫೀಸಿಗೆ ಹೋಗಿ, ಈ ತೊಟ್ಟಿಯನ್ನು ತುಂಬುವುದು ಬೇಡ, ಹಾಪ್ಸನ್ನು ಮೊದಲಿನಷ್ಟಕ್ಕೆ ಏರಿಸಿ ಹೊಸದಾಗಿ ಮಾಡುತ್ತೇನೆ ಎಂದ. ಶ್ರಾವಣ ಕಳೆದುಹೋಗುತ್ತದೆ ಎಂದೂ ಅವನೇ ಹೇಳಿದ.

ಶಿವರಾಮಯ್ಯನಿಗೆ ಅವನ ಬಾಯಿಂದ ಬಿಯರಿನ ವಾಸನೆ ಹೊಡೆಯಿತು. ಎದ್ದು ನಿಂತ.

"ಇಷ್ಟು ವರ್ಷ ಇಲ್ಲದ ನಾಲಿಗೆ ಇವತ್ತು ಎಲ್ಲಿಂದ ಬಂತ್ರೀ?"

ವೀರಭದ್ರಯ್ಯ ಖಾಲಿ ಲೋಟವನ್ನು ಮೇಜಿನ ಮೇಲೆ ಇಟ್ಟ. ಶಿವರಾಮಯ್ಯ ಅವನನ್ನೇ ದಿಟ್ಟಿಸಿ ನೋಡಿದ. ಬೈಯಬೇಕೋ ಸಮಾಧಾನ ಹೇಳಬೇಕೋ ತಿಳಿಯದವನಂತೆ ಮತ್ತೆ ಕುಳಿತ. ಆಮೇಲೆ ಆ ತೊಟ್ಟಿಯನ್ನು ಮೋರಿಗೆ ಬಿಟ್ಟರು. ಷೆಡ್ಡುಗಳ ಹಿಂದೆ ಮೇಯುತ್ತಿದ್ದ ಎಮ್ಮೆಗಳು ಮೋರಿಯ ಉದ್ದಕ್ಕೂ ಬಂದು ನಿಂತವು.

ಭಾನುವಾರ ವೀರಭದ್ರಯ್ಯ ಊರ್ಡಿಗೆರೆಗೆ ಹೋದ. ಆ ಮನೆಗೆ ಅವನು ಬಂದದ್ದು ಅದೇ ಮೊದಲು. ಚಿಕ್ಕಮಾರಯ್ಯ ಹೊಂಗೆ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಮಲಗಿದ್ದ. ಇವನನ್ನು ಕಂಡು ಏಳಲು ಹೋದ, ಆಗಲಿಲ್ಲ. ನಿಂಗಮ್ಮ ಬಾಗಿಲಲ್ಲಿ ಕುಳಿತು ನೆಲನೆಲ್ಲಿಯ ಸೊಪ್ಪು ಅರೆಯುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ, ಎದ್ದು ಹೋಗಿ ಚಾಪೆ ತಂದು ಹಾಸಿದಳು. ಸಂಬಳ ನಿಲ್ಲುವುದಿಲ್ಲ, ವಾಸಿಯಾದ ಮೇಲೆ ಬಾಟಲಿ ತೊಳೆಯುವ ಕಡೆ ಕೆಲಸವಿದೆ ಎಂದು ವೀರಭದ್ರಯ್ಯ ಅವಳಿಗೂ ಕೇಳುವಂತೆ ಹೇಳಿದ. ಅವಳು ಅರೆಯುತ್ತಲೇ ಇದ್ದಳು.

"ರಾಗೀದು ಏನಾಯ್ತು ಸ್ವಾಮಿ? ಯಾರು ನೋಡುದ್ರು?" ಮಂಚದ ಮೇಲಿಂದ ಪ್ರಶ್ನೆ ಬಂತು.

"ನಾನೇ."

ಚಿಕ್ಕಮಾರಯ್ಯ ತಲೆಯೆತ್ತಿ ಅವನ ಬಾಯಿಯನ್ನೇ ನೋಡಿದ. ಅರೆಯುವ ಕಲ್ಲು ನಿಂತಿತು.

"ಹೆಂಗಿತ್ತು?"

"ಸಿಹಿ. ಅಂಬಲಿ ಥರ."

"ಯಾವ ಅಂಬ್ಲಿ? ಆಗ ಕಾಯಿಸಿದ್ದೋ, ರಾತ್ರೆ ಉಳುದಿದ್ದೋ?"

ವೀರಭದ್ರಯ್ಯ ಯೋಚಿಸಿದ. ಆತುರಪಡಲಿಲ್ಲ. ಆಗ ಕಾಯಿಸಿದ್ದೇ, ಆದರೆ ಉಪ್ಪು ಹಾಕಲು ಮರೆತದ್ದು ಎಂದ. ಮೊದಲು ಹುರಿದ ಕಾಳಿನ ಹೊಗೆ, ತೆಳ್ಳಗೆ, ಒಲೆ ಆರಿಸಿದ ಮನೆಯೊಳಗೆ ಕಾಲಿಟ್ಟಂತೆ. ಆಮೇಲೆ ಸಿಹಿ ಬಂದು ನಾಲಿಗೆಯ ಅಂಚಿನಲ್ಲಿ ನಿಲ್ಲುತ್ತದೆ. ನುಂಗಿದ ಮೇಲೆ ಏನೋ ಬರಬೇಕು ಎಂದು ಬಾಯಿ ಕಾಯುತ್ತದೆ. ಹೀಗೆ ಒಂದೊಂದೇ ಮಾತು ಹುಡುಕಿ, ಸಾಲದೆಂದು ಬಿಟ್ಟು ಬೇರೆ ಹುಡುಕಿ ಹೇಳುತ್ತ ಹೋದ. ಅಷ್ಟು ಮಾತನ್ನು ಅವನು ಯಾರೊಂದಿಗೂ ಒಮ್ಮೆಗೇ ಆಡಿದವನಲ್ಲ.

ಚಿಕ್ಕಮಾರಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದ. ಹೊಂಗೆಯ ನೆರಳು ಅವನ ಹಳದಿ ಮುಖದ ಮೇಲೆ ಅಲ್ಲಾಡುತ್ತಿತ್ತು. ಒಣಗಿದ ತುಟಿ ಸ್ವಲ್ಪ ತೆರೆಯಿತು, ಮುಚ್ಚಿತು. ಗಂಟಲಿನ ಉಬ್ಬು ಒಂದು ಗುಟುಕು ನುಂಗಿದಂತೆ ನಿಧಾನವಾಗಿ ಮೇಲೆ ಹೋಗಿ, ಕೆಳಗಿಳಿಯಿತು.