ಐದು ಮನೆಯ ತುತ್ತು

ಹೊಲದಲ್ಲಿ ಶೇಂಗಾ ಕಿತ್ತು ಬಂದ ಭೀಮಕ್ಕ ಕಾಲಿನ ಮಣ್ಣನ್ನೂ ತೊಳೆಯದೆ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಎದ್ದು ಒಂದು ಚೆಂಬು ನೀರು ಕುಡಿಯಬೇಕು ಅಂದುಕೊಳ್ಳುವುದು, ಮತ್ತೆ ಸುಮ್ಮನಾಗುವುದು. ಗಂಡ ಕುರಿ ಹೊಡೆದುಕೊಂಡು ಕೌತಾಳದ ಕಡೆಗೆ ಹೋದವನು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಆದೋನಿಯ ಬಸ್ಸಿಳಿದು ಅಣ್ಣ ಶ್ರೀರಾಮುಲು ಓಣಿಯೊಳಗೆ ಬರುವುದು ಕಾಣಿಸಿತು. ಅವನ ಹಿಂದೆ ಬಟ್ಟೆಗಂಟು ಹಿಡಿದುಕೊಂಡು ಅವಳ ಮಗಳು ಹುಸೇನಮ್ಮ.

ಹಬ್ಬವಿಲ್ಲ, ರಜೆಯಿಲ್ಲ. ಯಾಕೆ ಬಂದಿರಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಮಗಳ ಮುಖ ಕಂಡಿತು. ಗಲ್ಲದ ಎಲುಬುಗಳು ಎದ್ದು ಕಾಣುತ್ತಿದ್ದವು. ಹುಡುಗಿ ತಾಯಿಯನ್ನು ದಾಟಿ ನೇರ ಒಳಗೆ ಹೋಗಿ, ತೊಟ್ಟಿಲಲ್ಲಿ ಮಲಗಿದ್ದ ತಮ್ಮ ಆಂಜಿನಪ್ಪನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಬಂದು ಕಂಬಕ್ಕೆ ಒರಗಿ ಕೂತಳು.

"ಆಕಿ ಉಣವಲ್ಲಳು ಭೀಮಾ," ಎಂದ ಶ್ರೀರಾಮುಲು. ತಾಲೂಕು ಕಚೇರಿಯ ಗುಮಾಸ್ತ ಅವನು. ಮಕ್ಕಳಿಲ್ಲದ ತನ್ನ ಮನೆಯಲ್ಲಿ ಇಟ್ಟುಕೊಂಡು ಓದಿಸುತ್ತೇನೆಂದು ಹೋದ ವರ್ಷ ತಂಗಿಯ ಮಗಳನ್ನು ಆದೋನಿಗೆ ಕರೆದುಕೊಂಡು ಹೋಗಿದ್ದ.

"ಉಣವಲ್ಲಳು ಅಂದ್ರ?"

"ಮನ್ಯಾಗ ಮಾಡಿದ್ದು ಉಣವಲ್ಲಳು. ಐದು ಮನಿ ತಿರುಗಿ ಬೇಡಿಕೊಂಡು ಬಂದ್ರ ಅಷ್ಟೇ ತಿಂತಾಳ. ಸಾಲಿಗೆ ಹೋಗೂ ಮುಂದ ಜೋಳಿಗಿ ಹಿಡಕೊಂಡು ಮಂದಿ ಬಾಗಿಲ್ದಾಗ ನಿಂದರ್ತಾಳ. ಏಮಯ್ಯಾ ಗುಮಾಸ್ತಾ, ಮನ್ಯಾಗ ಜ್ವಾಳ ತೀರ್ಯಾವೇನು ಅಂತ ಓಣ್ಯಾಗ ನಗ್ತಾರ. ಒಳಗ ಕೂಡಿಸಿದ್ರ ಉಪಾಸ ಕುಂದರ್ತಾಳ. ಡಾಕ್ಟರಿಗೂ ತೋರಿಸಿದೆ. ಏನೂ ರೋಗ ಇಲ್ಲಂತ."

ಐದು ಮನೆ ಯಾಕೆಂದು ಭೀಮಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹುಸೇನಮ್ಮನಿಗಿಂತ ಮೊದಲು ಎರಡು ಕೂಸು ಮಣ್ಣು ಸೇರಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಭೀಮಕ್ಕ ಊರ ಪೀರಲ ಗುಡಿಯ ಮುಂದೆ ನಿಂತು, ಇದೊಂದು ಉಳಿಯಲಿ, ನಿನ್ನ ಹೆಸರಿಡುತ್ತೇನೆ, ಪ್ರತಿ ಮೊಹರಮ್ಮಿಗೆ ಫಕೀರ ಮಾಡುತ್ತೇನೆ ಎಂದು ಬೇಡಿಕೊಂಡಿದ್ದಳು. ಆ ಊರಲ್ಲಿ ಅಂಥ ಹರಕೆಯ ಮಕ್ಕಳು ಮನೆಗೊಂದು ಇದ್ದವು. ಹಬ್ಬದ ದಿನ ಕೊರಳಿಗೆ ಕೆಂಪು ದಾರ ಕಟ್ಟಿಕೊಂಡು, ಹೆಗಲಿಗೆ ಜೋಳಿಗೆ ಹಾಕಿಕೊಂಡು ಐದು ಮನೆ ಭಿಕ್ಷೆ ಬೇಡಿ, ಬಂದದ್ದನ್ನೇ ಉಣ್ಣಬೇಕು. ಈ ಸಲ ಮೊಹರಮ್ಮಿನ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತು. ಮುಂದಿನ ವರ್ಷ ಮಾಡಿದರಾಯಿತು ಎಂದು ಶ್ರೀರಾಮುಲು ಕಳಿಸಿರಲಿಲ್ಲ. ಹಬ್ಬ ಮುಗಿದ ಕೆಲವೇ ದಿನಕ್ಕೆ ಆಂಜಿನಪ್ಪನಿಗೆ ಚಳಿಜ್ವರ ಬಂತು. ಹೋಯಿತು. ಮತ್ತೆ ಬಂತು. ತಮ್ಮನನ್ನು ನೋಡಲೆಂದು ಹುಡುಗಿ ಆಗ ಒಮ್ಮೆ ಬಂದುಹೋಗಿದ್ದಳು.

"ಅತ್ತೀ," ಎಂದಳು ಭೀಮಕ್ಕ ಒಳಗಿನ ಕಡೆ ತಿರುಗಿ. "ಇದು ನಿನ್ನ ಕೆಲಸ. ಹರಕಿ ತಪ್ಪಿದ್ದಕ್ಕ ಜ್ವರ ಬಂತು ಅಂತ ನೀನೇ ಕೂಸಿನ ತಲ್ಯಾಗ ತುಂಬೀದಿ."

ಅತ್ತೆ ಬಸವಕ್ಕ ಮೊರ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ನನ್ನ ಮ್ಯಾಲ ಹಾಕಬ್ಯಾಡ. ಮನಸಿನ್ಯಾಗ ಅಂದುಕೊಂಡಿದ್ದು ಖರೆ. ಕೂಸಿನ ಮುಂದ ಒಂದು ಮಾತು ಆಡಿಲ್ಲ. ಕೇಳು ಬೇಕಾದ್ರ. ಹಬ್ಬಕ್ಕ ಕಳಸಲಾರದವರು ನಿಮ್ಮಣ್ಣ, ಅವರನ್ನ ಕೇಳು."

"ನಮ್ಮನ್ಯಾಗ ಇಂಥಾ ಅಂಜಿಸೋ ಮಾತೇ ಇಲ್ಲ," ಎಂದ ಶ್ರೀರಾಮುಲು. "ಸಂಜಿಗೆ ದೀಪ ಹಚ್ಚಿ ರಾಮನ ಭಜನಿ, ಅಷ್ಟೇ."

"ಸುಳ್ಳು ಹೇಳಿದ್ರ ರಾಮದೇವರು ಕಣ್ಣು ಕಳೀತಾನ ಅಂದಿದ್ಯಲ್ಲ ಮಾವ," ಎಂದಳು ಹುಡುಗಿ. ಅದರಲ್ಲಿ ಚಾಡಿಯಿರಲಿಲ್ಲ, ಸಿಟ್ಟಿರಲಿಲ್ಲ.

ಶ್ರೀರಾಮುಲು ಕೆಮ್ಮಿ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಬಸವಕ್ಕ ನಗು ಬಂದರೂ ನಗಲಿಲ್ಲ.

ಹೊತ್ತು ಮುಳುಗುವ ಮೊದಲು ಭೀಮಕ್ಕ ಮಗಳ ಕೈ ಹಿಡಿದು ಮಾರೆಪ್ಪ ತಾತನ ಮನೆಗೆ ನಡೆದಳು. ಊರಲ್ಲಿ ಮೊಹರಮ್ಮಿಗೆ ಪೀರು ಹಿಡಿಯುವವನು ಅವನೇ, ಅವನ ಅಪ್ಪನ ಕಾಲದಿಂದ. ಉಳಿದ ದಿನಗಳಲ್ಲಿ ಎಲ್ಲರಂತೆ ಒಕ್ಕಲುತನ. ಎತ್ತು ಕಟ್ಟಿ, ಕೈ ತೊಳೆದುಕೊಂಡು ಬಂದು ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಏನಮ್ಮಾ ಫಕೀರಾ," ಎಂದ ಹುಡುಗಿಗೆ. ಪೀರಿನ ಪಂಜಾ ಇಟ್ಟು ಅಟ್ಟದ ಮೇಲಿರಿಸಿದ್ದ ಕಟ್ಟಿಗೆಯ ಪೆಟ್ಟಿಗೆ ತೋರಿಸಿದ. "ಸ್ವಾಮಿ ಅದ್ರಾಗ ಅರಿವಿ ಸುತ್ತಿಕೊಂಡು ಮಲಗ್ಯಾನ. ಮುಂದಿನ ಮೊಹರಮ್ಮಿನತನಕ ಏಳೂದಿಲ್ಲ. ಮಲಗಿದವರಿಗೆ ಯಾತರ ಸಿಟ್ಟು?"

"ಕನಸಿನ್ಯಾಗ ನೋಡ್ತಿರಬೇಕು."

ಮಾರೆಪ್ಪ ಭೀಮಕ್ಕನ ಕಡೆ ನೋಡಿ, "ಇದು ನಿನ್ನ ಮಗಳೇ ಬಿಡು," ಎಂದು ನಕ್ಕ. ಮತ್ತೆ ಹುಡುಗಿಗೆ, ಮೆತ್ತಗೆ: "ನೀ ಫಕೀರ ಆಗಲಿಲ್ಲ, ಅದಕ್ಕ ತಮ್ಮಗ ಜ್ವರ ಬಂತು ಅಂತ ಯಾರವ್ವಾ ನಿನಗ ಹೇಳಿದ್ದು? ಅವರ ಕಿವಿ ಹಿಂಡ್ತೀನಿ ನಾನು."

ಹುಡುಗಿ ಕಾಲಿನ ಹೆಬ್ಬೆರಳಿಂದ ನೆಲ ಕೆರೆದಳು. ತಾಯಿಯ ಸೀರೆಯನ್ನೊಮ್ಮೆ ನೋಡಿದಳು, ಮುಖ ನೋಡಲಿಲ್ಲ.

"ಅವ್ವ," ಎಂದಳು.

ದನದ ಕೊರಳ ಗಂಟೆ ಆಡುವುದು ಕೇಳಿಸುತ್ತಿತ್ತು. ಇಲ್ಲ ಎನ್ನಲು ಭೀಮಕ್ಕ ಬಾಯಿ ತೆರೆದಳು, ಆಗಲೇ ನೆನಪಾಯಿತು. ತಮ್ಮನನ್ನು ನೋಡಲು ಮಗಳು ಬಂದಿದ್ದ ದಿನ. ಕೂಸಿಗೆ ಜ್ವರ ಏರಿತ್ತು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಭೀಮಕ್ಕನ ಕೈ ಸೋತಿತ್ತು. ಹುಡುಗಿ ಪಕ್ಕದಲ್ಲಿ ಕೂತು, ಇದು ಯಾಕೆ ಹೀಗಾಯಿತು ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ಬಾಯಿ ಮುಚ್ಚಿಸಲೆಂದು ತಾನೇ ಅಂದಿದ್ದಳು: "ಯಾಕಂದ್ರ? ನಿನ್ನ ಹರಕಿ ತಪ್ಪಿತಲ್ಲ, ಅದಕ್ಕ." ಅಂದು ಬಟ್ಟೆ ಹಿಂಡಿದ್ದಳು, ಮರೆತೂಬಿಟ್ಟಿದ್ದಳು. ಆ ಮಾತನ್ನು ತಾನು ನಂಬಿ ಅಂದಿದ್ದಳೋ ಇಲ್ಲವೋ, ಅದೂ ಈಗ ತಿಳಿಯಲಿಲ್ಲ. ದಣಿದವರ ಬಾಯಿಂದ ಬಿದ್ದ ಮಾತು. ಅದನ್ನೇ ಹುಡುಗಿ ಹೆಕ್ಕಿಕೊಂಡು ಆದೋನಿಗೆ ಒಯ್ದು, ಇಷ್ಟು ದಿನ ಹೊತ್ತು ತಿರುಗಿದ್ದಳು.

ಮಾರೆಪ್ಪ ಕಿವಿ ಹಿಂಡುವ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ಚಿಟಿಕೆ ಊದಿನ ಬೂದಿ ತಂದು ಹುಡುಗಿಯ ಹಣೆಗೆ ಹಚ್ಚಿ, "ಹೋಗ್ರಿ," ಎಂದ.

ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಭೀಮಕ್ಕ ನಿಂತಳು. ಕೂರಬೇಕೆನಿಸಿತು, ಕೂತರೆ ಏಳಲಾರೆ ಎನಿಸಿತು.

"ಹುಸೇನಿ, ಪೀರಪ್ಪನ ಮುಂದ ನಿಂತು ಹರಕಿ ಹೊತ್ತಾಕಿ ನೀನಾ?"

"ನಾ ಇನ್ನೂ ಹುಟ್ಟಿದ್ದಿಲ್ಲಲ್ಲ."

"ಮತ್ತ ಯಾರು?"

"ನೀನು."

"ಹೌದಲ್ಲ? ಮಾತು ಕೊಟ್ಟಾಕಿ ನಾನು. ತಪ್ಪಿದ್ರ ನನ್ನ ಕೇಳ್ತಾನ. ಹುಟ್ಟದ ಕೂಸಿನ ಕಡಿಂದ ಯಾರಾದ್ರೂ ಮಾತು ಇಸಕೊಂತಾರೇನು? ಅವತ್ತು ನಿನಗ ಹಂಗ ಅಂದದ್ದು ನಂದು ತಪ್ಪು. ನನಗ ಸಾಕಾಗಿತ್ತು, ಅಂದುಬಿಟ್ಟೆ."

ಹುಡುಗಿ ಹಣೆಯ ಬೂದಿ ಮುಟ್ಟಿಕೊಂಡಳು. "ಮತ್ತ ನೀನು ಬೇಡಲಿಲ್ಲಲ್ಲ?"

"ಬೇಡ್ತೀನಿ ನಡಿ," ಎಂದಳು ಭೀಮಕ್ಕ.

ಮಗಳು ಸೊಂಟಕ್ಕೆ ಸುತ್ತಿಕೊಂಡಿದ್ದ ಜೋಳಿಗೆ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡಳು. ಹೊಲದ ಮಣ್ಣು ಇನ್ನೂ ಕಾಲಲ್ಲೇ ಇತ್ತು. ಮೊದಲ ಮನೆ ಪಂಪಮ್ಮನದು.

"ಏನವ್ವಾ ಭೀಮಕ್ಕ, ಪೀರ್ಲ ಹಬ್ಬ ತಿರುಗಿ ಬಂತೇನು? ಇಷ್ಟು ದೊಡ್ಡ ಫಕೀರನ್ನ ನಾ ನೋಡಿದ್ದಿಲ್ಲವ್ವಾ!"

"ನೋಡಿದ್ಯಲ್ಲ ಈಗ. ಹಾಕು, ಹೊತ್ತಾತು."

ಪಂಪಮ್ಮ ಇನ್ನೊಂದು ಮಾತು ಆಡಬೇಕೆಂದವಳು ಹುಡುಗಿಯ ಮುಖ ನೋಡಿ ಸುಮ್ಮನೆ ಎರಡು ರೊಟ್ಟಿ ತಂದು ಹಾಕಿದಳು. ಮುಂದಿನ ಮನೆಯಲ್ಲಿ ಒಂದು ಹಿಡಿ ನವಣಕ್ಕಿ ಅನ್ನ, ಮತ್ತೊಂದರಲ್ಲಿ ಶೇಂಗಾ ಚಟ್ನಿ. ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ ಏನು, ಯಾಕೆ ಎಂದು ಕೇಳಿ ಕೇಳಿ ಕೊನೆಗೆ ತಂಗಳು ಮುದ್ದೆ ಕೊಟ್ಟಳು. ಐದನೆಯ ಮನೆಯಲ್ಲಿ ಒಂದು ಚೂರು ಬೆಲ್ಲ. ಹುಡುಗಿ ತಾಯಿಯ ಸೆರಗು ಹಿಡಿದು ಹಿಂದೆಯೇ ಇದ್ದಳು. ಬಾಗಿಲು ದಾಟಿದಾಗಲೆಲ್ಲ ಅವಳ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

ಮನೆಗೆ ಬಂದಾಗ ಶ್ರೀರಾಮುಲು ಕೊನೆಯ ಬಸ್ಸಿಗೆ ಹೋಗದೆ ಕಟ್ಟೆಯ ಮೇಲೆ ಕೂತಿದ್ದ. ಜೋಳಿಗೆ ನೋಡಿದ, ತಂಗಿಯನ್ನು ನೋಡಿದ, ಸರಿದು ದಾರಿ ಬಿಟ್ಟ. ಬಸವಕ್ಕ ತಾಟು ತಂದಿಟ್ಟಳು.

ಭೀಮಕ್ಕ ರೊಟ್ಟಿ ಮುರಿದು ಚಟ್ನಿ ಹಚ್ಚಿ ಮಗಳ ಕೈಗಿಟ್ಟಳು. ಹುಡುಗಿ ಅದನ್ನು ಬಾಯಿಯ ಹತ್ತಿರ ಒಯ್ದು, ನಿಲ್ಲಿಸಿದಳು.

"ಅವ್ವಾ, ಹಬ್ಬದ ದಿನ ಬಿಟ್ಟು ಈಗ ಬೇಡಿದಿ ಅಂತ ಪೀರಪ್ಪ ನಿನ್ನ ಮ್ಯಾಲ ಸಿಟ್ಟಾದ್ರ?"

ಭಯ ಮನೆಯೊಳಗೇ ಇತ್ತು, ಕೂರುವ ಜಾಗವನ್ನಷ್ಟೇ ಬದಲಾಯಿಸಿತ್ತು. ಅದನ್ನು ಹೊರಗೆ ಅಟ್ಟುವಷ್ಟು ಕಸುವು ಈ ದಿನ ಭೀಮಕ್ಕನಲ್ಲಿ ಉಳಿದಿರಲಿಲ್ಲ.

"ಆಗ್ಲಿ ಬಿಡು," ಎಂದಳು. "ನಾ ದೊಡ್ಡಾಕಿ ಅದೀನಿ. ನಾ ತಡಕೊಂತೀನಿ. ನೀ ಉಣ್ಣು."

ಹುಡುಗಿ ತುತ್ತನ್ನು ಬಾಯಿಗಿಟ್ಟುಕೊಂಡಳು. ನಿಧಾನ ಅಗಿದಳು, ನುಂಗಿದಳು, ಮತ್ತೊಂದಕ್ಕೆ ಕೈ ಚಾಚಿದಳು. ಪ್ರತಿ ತುತ್ತಿಗೂ ಕಣ್ಣೆತ್ತಿ ತಾಯಿಯ ಮುಖ ನೋಡುತ್ತಿದ್ದಳು. ಭೀಮಕ್ಕ, ಆ ಮುಖದಲ್ಲಿ ಪೀರಪ್ಪನ ಸಿಟ್ಟಿನ ಗುರುತೊಂದೂ ಕಾಣದಿರಲೆಂದು, ನಿದ್ದೆ ಎಳೆಯುತ್ತಿದ್ದ ಕಣ್ಣುಗಳನ್ನು ತೆರೆದುಕೊಂಡೇ ಕೂತಿದ್ದಳು.