ಹಕ್ಕಿಯ ಕಣ್ಣಿನ ಮೇಲೆ ನಾಲ್ಕು ಡ್ರಮ್ಮು

ನಮ್ಮ ತೆಪೊಸಾನ್ ಗುಡ್ಡದ ನೆತ್ತಿಗೆ ಕೇಬಲ್ ಕಾರು ಬಂದ ಮೇಲೆಯೇ ನಗರಾಡಳಿತದವರಿಗೆ ನಮ್ಮ ಮನೆಗಳ ತಾರಸಿ ಕಣ್ಣಿಗೆ ಬಿದ್ದದ್ದು. ಅದಕ್ಕೆ ಮೊದಲು ಮೆಕ್ಸಿಕೋ ನಗರದ ಯಾವ ಅಧಿಕಾರಿಯೂ ನಮ್ಮನ್ನು ಮೇಲಿನಿಂದ ನೋಡಿರಲಿಲ್ಲ. ಹತ್ತಿರದಿಂದ ನೋಡಬೇಕಾದರೆ ಮೆಟ್ಟಿಲು ಹತ್ತಬೇಕಿತ್ತು. ಹಾಗಾಗಿ ಹತ್ತಿರದಿಂದಲೂ ನೋಡಿರಲಿಲ್ಲ.

ಮೇಲಿನಿಂದ ನೋಡಿದವರಿಗೆ ಬೇಸರವಾಯಿತಂತೆ. ಬೂದು ಇಟ್ಟಿಗೆ, ತುಕ್ಕು ಹಿಡಿದ ಕಂಬಿ, ಬಗ್ಗಿ ಬೊಗಳುವ ತಾರಸಿ ನಾಯಿಗಳು. ಫೋಟೊ ತೆಗೆಯುವಂಥದ್ದು ಏನೂ ಇಲ್ಲ. ಸರಿ, ಗುಡ್ಡವನ್ನು ಚೆಂದ ಮಾಡುವ ಯೋಜನೆ ಬಂತು. ಅದರ ಬೆನ್ನಿಗೇ ಶಾಲೆಯ ಅಂಗಳದಲ್ಲಿ ಜನಾಭಿಪ್ರಾಯ ಸಭೆಯೂ ಬಂತು.

ಸಭೆ ನಡೆಸಲು ಬಂದವನು ಕಿರೋಸ್ ಎಂಬ ತೆಳ್ಳಗಿನ ಯುವಕ. ಟೈ ಕಟ್ಟಿದವರನ್ನೆಲ್ಲ ನಾವು ಲಿಸೆನ್ಸಿಯಾದೊ, ಅಂದರೆ ಪದವೀಧರರು, ಎಂದೇ ಕರೆಯುವುದು. ಪದವಿ ಇದೆಯೋ ಇಲ್ಲವೋ ಎಂದು ಕೇಳುವ ಪದ್ಧತಿಯಿಲ್ಲ.

"ಇದು ನಿಮ್ಮದೇ ಯೋಜನೆ," ಎಂದ ಅವನು. "ನೀವು ಹೇಳಿದ ಹಾಗೇ ಆಗತ್ತೆ. ಹೇಳಿ, ಗೋಡೆಗೆ ತಿಳಿನೀಲಿ ಬೇಕೋ, ಕಡುನೀಲಿ ಬೇಕೋ?"

ಮೆಟ್ಟಿಲ ಬುಡದಲ್ಲಿ ಚಾಕು ಕತ್ತರಿ ಸಾಣೆ ಹಿಡಿಯುವ ಇಲಾರಿಯೊ ಎದ್ದು ನಿಂತ. "ಲಿಸೆನ್ಸಿಯಾದೊ, ನೀರಿನ ಬಣ್ಣ ಯಾವ್ದು ಸ್ವಲ್ಪ ಜ್ಞಾಪಿಸಿ. ನಲ್ಲೀಲಿ ನೋಡಿ ಯಾವ ಕಾಲ ಆಯ್ತೋ."

"ನೀರು ಬೇರೆ ಇಲಾಖೆ, ದೋನ್ ಇಲಾರಿಯೊ. ನಾನು ಬಣ್ಣದವನು."

"ಹಂಗಾದ್ರೆ ಕಡುನೀಲೀನೇ ಬಳೀರಿ. ದೂರದಿಂದ ನೀರಿದ್ದಂಗಾದ್ರೂ ಕಾಣ್ಲಿ."

ನಕ್ಕಿದ್ದಾಯಿತು, ಕೈ ಎತ್ತಿದ್ದಾಯಿತು, ಕಡುನೀಲಿ ಗೆದ್ದಿತು. ಎಲ್ಲ ತಾರಸಿಗಳೂ ಸೇರಿ ಹೂವಿನ ಮಕರಂದ ಹೀರುವ ಒಂದೇ ದೊಡ್ಡ ಕೊಲಿಬ್ರಿ ಹಕ್ಕಿಯಾಗುವುದೆಂದು ಕಿರೋಸ್ ನಕ್ಷೆ ಬಿಡಿಸಿ ತೋರಿಸಿದ. ತಲೆ ಗುಡ್ಡದ ತುದಿಯಲ್ಲಿ, ಕೇಬಲ್ ಕಾರಿನ ನಿಲ್ದಾಣದ ಪಕ್ಕ. ಬಾಲ ಕೆಳಗೆ, ಮೆಟ್ಟಿಲ ಬುಡದಲ್ಲಿ. ಹಕ್ಕಿ ಪೂರ್ತಿಯಾದರೆ ಮೆಟ್ಟಿಲಿಗೆ ಹಿಡಿಕಂಬಿ, ಬೀದಿಗೆ ದೀಪ.

ವಾರ ಕಳೆಯುವುದರೊಳಗೆ ನಮ್ಮ ವಿಳಾಸಗಳೇ ಬದಲಾದವು. ನನ್ನ ಮನೆ ಕುತ್ತಿಗೆ. ಇಲಾರಿಯೊ ಬಾಲ. "ಬಾಲದೋರು ಬಾಲ ಮುದುರ್ಕೊಂಡು ಕೂತ್ಕೊಳ್ರಪ್ಪ" ಎಂದು ರೆಕ್ಕೆಯ ಮನೆಯವರು ಹಂಗಿಸಿದರೆ, "ಬಾಲ ಇಲ್ದಿದ್ರೆ ತಿರುಗೋದು ಹೆಂಗೆ, ಮುಕುಳಿ ಮೇಲಾ?" ಎಂದು ಇಲಾರಿಯೊ ತಿರುಗಿ ಹಂಗಿಸುತ್ತಿದ್ದ.

ಕಣ್ಣು ಬಂದದ್ದು ಒತೀಲಿಯಾಳ ತಾರಸಿಗೆ.

ಒತೀಲಿಯಾ ನನ್ನ ಮಗಳ ಜ್ಞಾನಸ್ನಾನದ ದಿನ ಅವಳಿಗೆ ಎರಡನೆಯ ತಾಯಿಯಾಗಿ ನಿಂತವಳು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಮಾರುಕಟ್ಟೆಯ ಮಾಂಸದಂಗಡಿಗಳ ಬಿಳಿ ಏಪ್ರನ್‌ಗಳನ್ನು ಒಗೆದುಕೊಡುವುದು ಅವಳ ಕಸುಬು. ಅದಕ್ಕಾಗಿ ತಾರಸಿಯ ಮೇಲೆ ನಾಲ್ಕು ಡ್ರಮ್ಮು ಇಟ್ಟುಕೊಂಡಿದ್ದಳು. ನೀರಿನ ಟ್ಯಾಂಕರು ಮೆಟ್ಟಿಲ ಬುಡಕ್ಕಿಂತ ಮೇಲೆ ಬರುವುದಿಲ್ಲ. ತುದಿಯ ಮನೆಯವಳು ಅವಳೇ ಆದ್ದರಿಂದ ಎಲ್ಲರಿಗಿಂತ ಹೆಚ್ಚು ಮೆಟ್ಟಿಲು ಅವಳಿಗೇ. ಡ್ರಮ್ಮು ಹೋದರೆ ಒಗೆತ ಹೋಯಿತು, ಒಗೆತ ಹೋದರೆ ಒಲೆ ಹೊತ್ತುವುದಿಲ್ಲ.

"ದೋನ್ಯಾ ಒತೀಲಿಯಾ, ಡ್ರಮ್ ತೆಗೀಲೇಬೇಕು," ಎಂದ ಕಿರೋಸ್. "ಕಣ್ಣು ಸರಿಯಾಗಿ ನಿಮ್ಮ ಮನೆ ಮೇಲೇ ಬೀಳತ್ತೆ."

"ತೆಗೆದು ನೀರು ಎಲ್ಲಿಡ್ಲಪ್ಪ? ನಿನ್ನ ಟೈ ತುದೀಗೆ ಕಟ್ಲಾ?"

"ಮುಂದಿನ ಹಂತದಲ್ಲಿ ನಲ್ಲಿ ಬರತ್ತೆ."

"ಹಂಗಾದ್ರೆ ಕಣ್ಣೂ ಮುಂದಿನ ಹಂತದಲ್ಲೇ ಬರ್ಲಿ. ನನ್ನ ಮನೇಲಿ ನಲ್ಲಿ ಬಿಟ್ಟ ದಿನ ಡ್ರಮ್ ಇಳಿಸ್ತೀನಿ. ಮಾತು ಅಂದ್ರೆ ಮಾತು."

ಬಣ್ಣದವರು ಬಂದರು. ಕೊಕ್ಕು ಮೂಡಿತು, ರೆಕ್ಕೆ ಬಿಚ್ಚಿತು, ಬಾಲಕ್ಕೆ ಇಲಾರಿಯೊ ಹಟ ಹಿಡಿದು ಒಂದು ಹಳದಿ ಗೀಟು ಹೆಚ್ಚಿಗೆ ಹಾಕಿಸಿಕೊಂಡ. ಕಣ್ಣಿರಬೇಕಾದ ಕಡೆ ಮಾತ್ರ ನಾಲ್ಕು ಡ್ರಮ್ಮು. ಕೇಬಲ್ ಕಾರಿನಲ್ಲಿ ಹೋಗುವವರು ಕುರುಡು ಹಕ್ಕಿಯನ್ನು ತೋರಿಸಿ ನಗತೊಡಗಿದರು. ನಮ್ಮವರಿಗೆ ಹಿಡಿಕಂಬಿಯ ಚಿಂತೆ.

"ನಿನ್ನೊಬ್ಬಳ ಡ್ರಮ್ಮಿಗೆ ಗುಡ್ಡಾನೇ ಕುರುಡಾಗ್ಬೇಕೇನೇ?" ಎಂದು ಇಲಾರಿಯೊ ಬೀದಿಯ ನಡುವೆ ಕೂಗಾಡಿದ. ಕೂಗಾಡಿ ಮನೆಗೆ ಹೋಗಿ, ಎಂದಿನಂತೆ ಟ್ಯಾಂಕರಿನಿಂದ ಅವಳ ಪಾಲಿನ ಎರಡು ಬಕೆಟ್ಟು ಹಿಡಿದು, ನೊಣ ಬೀಳದಂತೆ ತಟ್ಟೆ ಮುಚ್ಚಿ ನೆರಳಿನಲ್ಲಿಟ್ಟ. ಬೈಗುಳ ಬೇರೆ, ಬಕೆಟ್ಟು ಬೇರೆ.

ಉದ್ಘಾಟನೆ ಹತ್ತಿರವಾದಂತೆ ಕಿರೋಸ್ ಇನ್ನಷ್ಟು ತೆಳ್ಳಗಾದ. ಒಂದು ಮಧ್ಯಾಹ್ನ ಅವನು ಮೆಟ್ಟಿಲ ಬುಡಕ್ಕೆ ಬಂದಾಗ ಒತೀಲಿಯಾ ಆ ಎರಡು ಬಕೆಟ್ಟನ್ನೂ ಅವನ ಕೈಗೆ ಕೊಟ್ಟಳು. ತುದಿ ತಲುಪುವಾಗ ಅರ್ಧ ನೀರು ಅವನ ಪ್ಯಾಂಟಿನ ಮೇಲಿತ್ತು. ಅವಳು ಉಳಿದ ನೀರಿನಲ್ಲೇ ಅವನಿಗೆ ಒಂದು ಲೋಟ ತುಂಬಿಕೊಟ್ಟಳು, ತಾನು ಅರ್ಧ ಲೋಟ ಕುಡಿದಳು. ಅವನ ಕಣ್ಣು ಎರಡೂ ಲೋಟದ ಮೇಲೆ ಹೋದದ್ದನ್ನು ಜೊತೆಗೇ ಹತ್ತಿಬಂದಿದ್ದ ನಾನು ನೋಡಿದೆ.

"ನಿಲ್ದಾಣಕ್ಕೆ ನೀರಿನ ಕೊಳವೆ ಇದೆ," ಎಂದ ಲೋಟ ಕೆಳಗಿಟ್ಟು. "ಅದರಿಂದ ನಿಮಗೊಂದು ನಲ್ಲಿ ಎಳೆಸಬಹುದು. ನಿಮಗೊಬ್ಬರಿಗೇ. ಬೇರೆಯವರ ಮಾತು ಎತ್ತಬೇಡಿ, ಅಷ್ಟಕ್ಕೇ ನನ್ನ ಕೆಲಸ ಉಳಿದ್ರೆ ದೊಡ್ಡದು."

ಅವನು ಹೋದ ಮೇಲೆ ಒತೀಲಿಯಾ ಒದ್ದೆ ಏಪ್ರನ್ ಹಿಡಿದುಕೊಂಡೇ ಕೂತಳು. "ಏನ್ ಮಾಡ್ಲಿ ಕೊಮಾದ್ರೆ? ಬೇಡ ಅಂದ್ರೆ ಯಾರಿಗೂ ಇಲ್ಲ. ಬೇಕು ಅಂದ್ರೆ ನನಗೊಬ್ಬಳಿಗೆ. ಇಲಾರಿಯೊ ಮುಖ ಹೆಂಗೆ ನೋಡ್ಲಿ?"

"ನಿನ್ನ ಮನೆಗೆ ಬಂದ ನೀರು ನಿನ್ನ ಮನೇಲೇ ನಿಲ್ಬೇಕು ಅಂತ ಅವನು ಹೇಳಿದ್ನಾ?" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಏಪ್ರನ್ ಹಿಂಡತೊಡಗಿದಳು.

ನಲ್ಲಿ ಬಂತು. ಅವಳು ಮಾತಿಗೆ ತಪ್ಪಲಿಲ್ಲ. ನಾಲ್ಕೂ ಡ್ರಮ್ಮು ಅಂದೇ ಕೆಳಗಿಳಿದವು. ಬಣ್ಣದವರು ಎರಡು ದಿನದಲ್ಲಿ ಕಪ್ಪು ಕಣ್ಣು ಬರೆದು, ನಡುವೆ ಬಿಳಿ ಚುಕ್ಕೆಯಿಟ್ಟರು. ಬೀದಿಯವರು ಮಾತ್ರ, ತನಗೊಬ್ಬಳಿಗೇ ನೀರು ಮಾಡಿಕೊಂಡಳೆಂದು ಮುಖ ತಿರುಗಿಸಿದರು. "ಕಣ್ಣಿಗೆ ತಂಪಾಯ್ತು, ಬಾಲ ಒಣಗ್ಲಿ," ಎಂದು ಇಲಾರಿಯೊ ಯಾರಿಗೋ ಹೇಳಿದಂತೆ ನನಗೆ ಹೇಳಿದ. ಬೈದಿದ್ದರೆ ಒತೀಲಿಯಾ ತಡೆದುಕೊಳ್ಳುತ್ತಿದ್ದಳು. ಅವನು ಬೈಯುವುದನ್ನೇ ಬಿಟ್ಟದ್ದು ಅವಳಿಗೆ ನುಂಗಲಾರದ ತುತ್ತಾಯಿತು.

ಕಣ್ಣು ಸರಿಯಾಗಿದೆಯೇ ಎಂದು ನೋಡಲು ಬಂದ ಕಿರೋಸ್ ಹೆಗಲ ಮೇಲೆ ಹಸಿರು ರಬ್ಬರ್ ಪೈಪಿನ ದೊಡ್ಡದೊಂದು ಸುರುಳಿ ಹೊತ್ತು ತಂದಿದ್ದ.

"ಇದೆಲ್ಲಿದಪ್ಪ?" ಎಂದಳು ಒತೀಲಿಯಾ.

"ಉದ್ಯಾನದವರು ಬಿಸಾಕಿದ್ರು. ನಿಮ್ಮ ಗಿಡಕ್ಕೆ ನೀರು ಹಾಕೋಕೆ ಆಗತ್ತೆ ಅಂತ ತಂದೆ."

"ನನ್ನ ಹತ್ರ ಇರೋದು ಒಂದೇ ಒಂದು ಕಳ್ಳಿ ಗಿಡ."

"ಬಹಳ ದೂರ ಇರಬೇಕು ಅದು," ಎಂದು ಹೇಳಿ, ಅವಳ ಮುಖ ನೋಡದೆ ಅವಸರವಾಗಿ ಹೊರಟುಹೋದ.

ಪೈಪನ್ನು ನಲ್ಲಿಗೆ ಸಿಕ್ಕಿಸಿ ನಾವಿಬ್ಬರೂ ಕೆಳಗೆ ಬಿಡುತ್ತ ಹೋದೆವು. ತಲೆ ದಾಟಿತು, ಕುತ್ತಿಗೆ ದಾಟಿತು, ರೆಕ್ಕೆಯ ಮನೆಯವರು ಬಾಯಿ ಬಿಟ್ಟು ನೋಡಿದರು. ಒತೀಲಿಯಾ ಎಲ್ಲಿಯೂ ನಿಲ್ಲದೆ ನೇರವಾಗಿ ಬಾಲಕ್ಕೆ ಹೋಗಿ, ಪೈಪಿನ ತುದಿಯನ್ನು ಇಲಾರಿಯೊನ ಬಕೆಟ್ಟಿಗೆ ಇಳಿಬಿಟ್ಟಳು. ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು.

ಇಲಾರಿಯೊ ಬಕೆಟ್ಟನ್ನು ಪೈಪಿನಡಿಗೆ ಸರಿಸಿದ. "ನಿಧಾನ ಬಿಡೇ, ಚೆಲ್ಲತ್ತೆ," ಎಂದ. ಮತ್ತೆ ಬೈದನಲ್ಲ ಎಂಬ ಸಮಾಧಾನಕ್ಕೆ ಒತೀಲಿಯಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಒಂದು ನಲ್ಲಿಯ ನೀರು ಒಂದು ಸಲಕ್ಕೆ ಒಂದು ಮನೆಗೇ ಸಾಕು. ಸರದಿ ಹೇಗೆ ಎಂದು ಯಾರೂ ಜಗಳವಾಡಲಿಲ್ಲ. ಮನೆಯಿಂದ ಮನೆಗೆ ಅತಿಥಿಯಾಗಿ ಹೋಗುವ ಬಾಲಯೇಸುವಿನ ಮೂರ್ತಿಯನ್ನು ನಾವು ಹೇಗೆ ಕಳಿಸಿಕೊಡುತ್ತೇವೋ ಪೈಪನ್ನೂ ಹಾಗೆಯೇ ಕಳಿಸಿದೆವು. ಪೈಪು ಬರುವ ಮನೆಯವರು ಬಾಗಿಲು ಗುಡಿಸಿ ಕಾಯುವರು. ತಂದವರಿಗೆ ಜೋಳದ ಸಿಪ್ಪೆಯಲ್ಲಿ ಬೇಯಿಸಿದ ಬಿಸಿ ತಮಾಲೆ ಕಡುಬು, ಲೋಟದ ತುಂಬ ಜೋಳದ ಆತೋಲೆ ಗಂಜಿ. ಯಾರೋ ಪೈಪಿನ ತುದಿಗೆ ಕಾಗದದ ಹೂ ಕಟ್ಟಿದರು. ರೆಕ್ಕೆಯ ಮನೆಯ ತುತ್ತೂರಿಯವನು ಜೊತೆಗೆ ಊದತೊಡಗಿದ. "ಪೈಪಿಗೆ ಇಷ್ಟು ಮರ್ಯಾದೆ! ನಾನು ಬಂದಾಗ ಒಂದು ಲೋಟ ಕಾಫಿ ಗತಿಯಿರ್ಲಿಲ್ಲ," ಎಂದ ಇಲಾರಿಯೊ. "ನೀನು ಬಂದಾಗ ನೀರು ಬರ್ತಿರ್ಲಿಲ್ವಲ್ಲ," ಎಂದರು ರೆಕ್ಕೆಯವರು.

ಉದ್ಘಾಟನೆಯ ಭಾನುವಾರ ಕೇಬಲ್ ಕಾರಿನಲ್ಲಿ ದೊಡ್ಡ ಅಧಿಕಾರಿಣಿ, ಇಬ್ಬರು ಪತ್ರಕರ್ತರು, ಕಿರೋಸ್. ಜನರ ಪರವಾಗಿ ನಾನು. ಶಾಲೆಯಲ್ಲಿ ಪಾಠ ಹೇಳಿದವಳು, ಹೆಚ್ಚು ಗಲಾಟೆ ಮಾಡಲಾರಳು ಎಂದು ನನ್ನನ್ನು ಆರಿಸಿದ್ದರು. ಕೆಳಗೆ ಹಕ್ಕಿ ನಿಜಕ್ಕೂ ಚೆಂದವಾಗಿತ್ತು. ಅದರ ಮೈಮೇಲೆ ಮಾತ್ರ ಕಣ್ಣಿನಿಂದ ರೆಕ್ಕೆಯವರೆಗೆ ಹಸಿರು ಗೆರೆಯೊಂದು ಡೊಂಕುಡೊಂಕಾಗಿ ಬಿದ್ದಿತ್ತು. ತುದಿಯಲ್ಲಿ ಹೂ, ತುತ್ತೂರಿ, ಮೆರವಣಿಗೆ.

"ಏನದು? ಹಾವಾ?" ಎಂದರು ಅಧಿಕಾರಿಣಿ.

ಕಿರೋಸ್ ಕೆಂಪಾದ. "ಪೈಪು, ಮೇಡಂ. ಗಿಡಕ್ಕೆ."

"ಇಷ್ಟು ದಿನ ಆ ಗುಡ್ಡದಲ್ಲಿ ಬಾಡ್ತಾ ಇದ್ದದ್ದು ಜನ, ಮೇಡಂ," ಎಂದೆ ನಾನು, ತರಗತಿಯಲ್ಲಿ ಹೇಳುವಷ್ಟೇ ಮೆಲ್ಲಗೆ. "ಎಲ್ಲಾ ಮನೆಗೂ ಸೇರಿ ಒಂದೇ ನಲ್ಲಿ. ನಿಮ್ಮ ಈ ಹುಡುಗ ಹಾಕಿಸಿಕೊಟ್ಟದ್ದು. ಬಹಳ ಒಳ್ಳೆಯವನು."

ಪತ್ರಕರ್ತರ ಕ್ಯಾಮೆರಾಗಳು ಹಕ್ಕಿಯಿಂದ ಅಧಿಕಾರಿಣಿಯ ಮುಖಕ್ಕೆ ತಿರುಗಿದವು. ಆಕೆ ಕ್ಯಾಮೆರಾಗಳತ್ತ ನಕ್ಕು, ಬೀದಿಗೆಲ್ಲ ಕೊಳವೆ ಹಾಕಿಸುವುದು ಮೊದಲಿನಿಂದಲೂ ತಮ್ಮ ಯೋಜನೆಯಲ್ಲಿತ್ತು ಎಂದರು. ಪಾಪ, ಅಷ್ಟು ಎತ್ತರದಲ್ಲಿ ತೂಗಾಡುವಾಗ ಇನ್ನೇನು ಹೇಳಲಾದೀತು?

ಮೊದಲು ಹಿಡಿಕಂಬಿ ಬಂತು. ಕೊಳವೆಗೆ ಇನ್ನೊಂದು ಮಳೆಗಾಲ ಹಿಡಿಯಿತು. ಅಷ್ಟೂ ದಿನ ಪೈಪು ಸುತ್ತಿತು, ನಾವು ತಮಾಲೆ ತಿಂದು ದಪ್ಪಗಾದೆವು. ಮನೆಮನೆಗೂ ನಲ್ಲಿ ಬಂದ ಮೇಲೆ ಒತೀಲಿಯಾಳಿಗೆ ಒಗೆತ ಹೆಚ್ಚಾಯಿತು. ಆ ಹಸಿರು ಪೈಪನ್ನೇ ತಾರಸಿಯ ಆ ತುದಿಯಿಂದ ಈ ತುದಿಗೆ ಬಿಗಿದು, ಏಪ್ರನ್‌ಗಳನ್ನು ಸಾಲಾಗಿ ಒಣಹಾಕಿದಳು. ಮೇಲಿನಿಂದ ನೋಡಿದರೆ ಕೊಲಿಬ್ರಿ ಮಧ್ಯಾಹ್ನದವರೆಗೆ ಕಣ್ಣು ಮುಚ್ಚಿಕೊಂಡಿರುತ್ತದೆ.

ಅದನ್ನು ಮೊದಲ ಸಲ ಕಂಡ ದಿನ ಕಿರೋಸ್ ಏದುಸಿರು ಬಿಡುತ್ತ ಓಡಿಬಂದ. "ದೋನ್ಯಾ! ಕಣ್ಣು!"

"ಡ್ರಮ್ಮಿನ ಮಾತು ಕೊಟ್ಟಿದ್ದೆ, ಉಳಿಸ್ಕೊಂಡೆ. ಬಟ್ಟೆ ಮಾತು ಯಾವಾಗ ಆಡಿದ್ವಪ್ಪ?" ಎಂದು ಅವಳು ಒದ್ದೆ ಹೊದಿಕೆಯೊಂದರ ತುದಿಯನ್ನು ಅವನ ಕೈಗಿಟ್ಟಳು. "ಬಂದಿದ್ದು ಒಳ್ಳೇದಾಯ್ತು. ಆ ಕಡೆ ಗಟ್ಟಿಯಾಗಿ ಹಿಡ್ಕೊ."

ಅವನು ಟೈಯನ್ನು ಅಂಗಿಯೊಳಗೆ ತುರುಕಿಕೊಂಡು ಹಿಂಡಿದ. ಹೊದಿಕೆಯಿಂದ ಧಾರಾಳವಾಗಿ ನೀರು ಸುರಿದು, ಕಪ್ಪು ಕಣ್ಣಿನ ಮೇಲೆ ಹರಿದು ಹೋಯಿತು.